ಕೈಮಾ ಉಂಡೆಯನ್ನು ಬರೆದವರು ಯಾರು?

ತಾಜಾ ಸೊಪ್ಪು, ತರಕಾರಿ ಇಟ್ಟು ಮನೆಯಲ್ಲೇ ದನದ ಮಾಂಸದ ಬರ್ಗರು ಮಾಡುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಬೇಕಾದಷ್ಟು ಪಾಕವಿಧಾನಗಳಿವೆ. ಓದಿದರೆ ಬಾಯಲ್ಲಿ ನೀರೂರುತ್ತೆ. ಆದರೆ ಪಾಕವಿಧಾನವೂ ಒಂದು ಸಾಹಿತ್ಯ ಪ್ರಕಾರವೇ. ಕಥೆ, ಕವನಕ್ಕೆ ಕೇಳುವ ಪ್ರಶ್ನೆಯನ್ನು ಅದಕ್ಕೂ ಕೇಳಬೇಕು: ಯಾರು ಯಾರಿಗೆ ಹೇಳ್ತಿದಾರೆ, ಏನನ್ನು ಹೇಳದೆ ಬಿಟ್ಟಿದಾರೆ? ಒಳ್ಳೇ ಮಾಂಸ ಕೊಂಡು ತನ್ನಿ ಅಂತ ಶುರುವಾಗುವ ಈ ಬರಹವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಕೂತು ಓದಿ ನೋಡಿ.

ಹೆಸರು ಹೊಸದು, ಪದಾರ್ಥ ಹೊಸದಲ್ಲ. ನಮ್ಮ ಕೈಮಾ ಉಂಡೆಯನ್ನು ಅಂಗೈಯಲ್ಲಿ ತಟ್ಟಿ ಕಾವಲಿ ಮೇಲೆ ಹಾಕಿದರೆ ಹೆಚ್ಚುಕಮ್ಮಿ ಬರ್ಗರೇ. ಐದು ಪಾಲಿನಲ್ಲಿ ಒಂದು ಪಾಲು ಕೊಬ್ಬಿರಬೇಕು, ಇಲ್ಲದಿದ್ದರೆ ಒಣಗಿ ಚಕ್ಕೆಯಾಗುತ್ತೆ. ಕೊಚ್ಚಿದ ಮಾಂಸದಲ್ಲಿ ಹೊರಗಿನ ಕೊಳೆ ಒಳಕ್ಕೂ ಸೇರುವುದರಿಂದ ನಡುವಿನ ತನಕ ಬೇಯಲೇಬೇಕು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಲ್ಲಿ ಇದರ ದಾಯಾದಿಯೊಂದಿದೆ, ಕಟ್ಲೆಟ್ಟು. ಮಾಂಸವನ್ನು ಮೊದಲೇ ಬೇಯಿಸಿ ಕೊಚ್ಚಿ, ಆಲೂಗಡ್ಡೆ, ಶುಂಠಿ, ಹಸಿಮೆಣಸು, ಕರಿಬೇವು, ಕಾಳುಮೆಣಸು ಸೇರಿಸಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರೀತಾರೆ. ಬರ್ಗರಿಗಿಂತ ಇದು ನಮ್ಮ ಮಳೆಗಾಲಕ್ಕೆ ಹೊಂದುವ ತಿಂಡಿ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಮಲೆನಾಡಿನ ಅಡುಗೆ ಅಂದಕೂಡಲೇ ಕಡುಬು, ಕಳಲೆ, ಪತ್ರೊಡೆ, ಅಪ್ಪೆಮಿಡಿ ಇಷ್ಟೇ ಯಾಕೆ ಬರುತ್ತೆ? ಕನ್ನಡದ ಪಾಕಸಾಹಿತ್ಯದ ಬೇರೇ ಹಾಗಿದೆ. ಹದಿನಾರನೇ ಶತಮಾನದ ಜೈನಕವಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ, ಅದರಲ್ಲಿ ಮಾಂಸವಿಲ್ಲ. ಅವನದು ಅವನ ಧರ್ಮ, ತಕರಾರಿಲ್ಲ. ಆದರೆ ಆಮೇಲೆ ಬಂದವರು ಒಂದು ಒಲೆಯ ರುಚಿಯನ್ನೇ ನಾಡಿನ ರುಚಿ ಅಂತ ಅಚ್ಚು ಹಾಕಿಸಿದರು. ಈ ಮೂರು ತಾಲ್ಲೂಕಿನಲ್ಲಿ ಶೃಂಗೇರಿ, ಹರಿಹರಪುರ, ಬಾಳೆಹೊನ್ನೂರು ಅಂತ ಮೂರು ಮಠಗಳಿವೆ. ಮಠದ ಪಂಕ್ತಿಯೂಟದ ಹೆಸರು ದೂರದೂರಕ್ಕೆ ಹೋಯಿತು. ಕಾಫಿ ತೋಟದ ಲೈನುಮನೆಯ ಗಡಿಗೆಯ ಹೆಸರು ಬೇಲಿ ದಾಟಲಿಲ್ಲ.

ಕಾದಂಬರಿಯ ಕಥೆಯೂ ಬೇರೆಯಲ್ಲ. ಅನಂತಮೂರ್ತಿಯವರ 'ಸಂಸ್ಕಾರ' (1965) ತೆಗೆದುಕೊಳ್ಳಿ. ಅದರ ಸಿನಿಮಾ (1970) ಚಿತ್ರಣವಾದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲೇ. ಅಲ್ಲಿ ನಾರಣಪ್ಪ ಮಾಂಸ ತಿಂದ ಅನ್ನೋದು ಅಗ್ರಹಾರವನ್ನೇ ನಡುಗಿಸುವ ಸಂಗತಿ. ವಿಮರ್ಶಕರು ಅದರಲ್ಲಿ ಕ್ರಾಂತಿ ಕಂಡರು, ಅಸ್ತಿತ್ವದ ಬಿಕ್ಕಟ್ಟು ಕಂಡರು. ಸರಿ, ದೊಡ್ಡ ಕೃತಿಯೇ. ಆದರೆ ಅದೇ ಕಾದಂಬರಿಯಲ್ಲಿ ಪ್ಲೇಗಿಗೆ ಸತ್ತ ಕೇರಿಯವರ ಗುಡಿಸಲು ಹೆಣದ ಸಮೇತ ಉರಿದುಹೋಗುತ್ತೆ. ಆ ಗುಡಿಸಲಲ್ಲಿ ಹಿಂದಿನ ರಾತ್ರಿ ಏನು ಬೇಯ್ತಾ ಇತ್ತು ಅಂತ ಯಾವ ವಿಮರ್ಶಕನೂ ಕೇಳಿದ್ದನ್ನು ನಾನು ಕಾಣೆ. ನಾರಣಪ್ಪನಿಗೆ ಮಾಂಸ ಬಂಡಾಯ, ಕೇರಿಯವನಿಗೆ ಮಾಂಸ ಬರೀ ಊಟ. ಊಟದ ಬಗ್ಗೆ ಬರೆಯೋದು ನಮ್ಮ ನವ್ಯರಿಗೆ ಸಪ್ಪೆ ಅನ್ನಿಸಿರಬೇಕು.

ಆ ಬರೀ ಊಟಕ್ಕೆ ಏನಾಯ್ತು ಅಂತ ಕೊಪ್ಪ ತಾಲ್ಲೂಕಿನ ಶಾಂತಿಪುರ ಹೇಳುತ್ತೆ. 2016ರ ಜುಲೈನಲ್ಲಿ ದನದ ಮಾಂಸದ ನೆಪ ತೆಗೆದು ಬಜರಂಗದಳದ ಗುಂಪು ಅಲ್ಲಿನ ದಲಿತ ಮನೆಗೆ ನುಗ್ಗಿ ಹೊಡೆಯಿತು. ಸತ್ತ ದನದ ಚರ್ಮ ಸುಲಿದವರನ್ನು ಗುಜರಾತಿನ ಉನಾದಲ್ಲಿ ಕಟ್ಟಿ ಬಡಿದದ್ದೂ ಅದೇ ತಿಂಗಳು. ದೇಶಕ್ಕೆಲ್ಲ ಉನಾ ಗೊತ್ತಾಯಿತು, ಶಾಂತಿಪುರ ಜಿಲ್ಲೆಯ ಸುದ್ದಿಯಾಗಿ ಉಳಿಯಿತು. ಹೇಳಬೇಕಾದ ಇನ್ನೊಂದು ಮಾತು: ಅಮೆರಿಕದ ದೊಡ್ಡ ಬರ್ಗರ್ ಕಂಪನಿ 1996ರಲ್ಲಿ ಭಾರತಕ್ಕೆ ಬಂದಾಗ ದನದ ಮಾಂಸವನ್ನು ಊರಲ್ಲೇ ಬಿಟ್ಟು ಬಂತು. ಬಂಡವಾಳಕ್ಕೆ ಜಾತಿ ಬಹಳ ಬೇಗ ಅರ್ಥವಾಗುತ್ತೆ.

ಇನ್ನು ಕಾನೂನು. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಕೋಣ, ಎಮ್ಮೆಗೆ ಅವಕಾಶವಿತ್ತು. 2021ರಲ್ಲಿ ಜಾರಿಯಾದ ಹೊಸ ಕಾಯ್ದೆ ಎತ್ತನ್ನೂ ತೆಗೆಯಿತು; 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ, ಅದೂ ಅಧಿಕಾರಿಯ ಸರ್ಟಿಫಿಕೇಟಿದ್ದರೆ. ತಪ್ಪಿದರೆ 3ರಿಂದ 7 ವರ್ಷ ಜೈಲು. ಅಂದಮೇಲೆ ನಮ್ಮ ಸೀಮೆಯ ಬರ್ಗರಿನ ಪಾಕ ಬರೆಯುವವರು ಸಾಮಗ್ರಿಯ ಪಟ್ಟಿಯಲ್ಲಿ ಮೊದಲು ಆ ಚೀಟಿಯನ್ನೇ ಬರೆಯಬೇಕು. ಮುದಿ ಕೋಣದ ಮಾಂಸ ನಾರು. ಎರಡು ಸಲ ಕೊಚ್ಚಬೇಕು, ಹಸಿ ಪರಂಗಿಕಾಯಿ ಚೂರು ಅರೆದು ಕಲಸಿಡಬೇಕು, ಕೊತ್ತಂಬರಿ, ಪುದೀನ, ಹಿತ್ತಲ ಸೂಜಿಮೆಣಸು ಆಮೇಲೆ. ಈ ಹದವನ್ನು ಕೇರಿಯ ಹೆಂಗಸರ ಹತ್ತಿರ ಕೂತು ಕೇಳಿ ಬರೆದವರಿದ್ದರೆ ಕಳಿಸಿ, ಅಚ್ಚು ಹಾಕೋಣ.