ಹಳೆಯ ಕಾರಿಗೆ ಹೊಸ ಬ್ರೇಕು: ಲಾಭವೆಷ್ಟು?

'ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿದರೆ ಹಳೆಯ ಕಾರು ಬೇಗ ನಿಲ್ಲುತ್ತದೆ.' ಗ್ಯಾರೇಜುಗಳಲ್ಲಿ ಈ ಮಾತನ್ನು ನೀವು ಕೇಳಿರಬಹುದು. ಕೇಳಲು ಸರಿಯಾಗಿಯೇ ತೋರುತ್ತದೆ. ಈಗಿನ ಕಾರುಗಳ ಮುಂದಿನ ಚಕ್ರಗಳಲ್ಲಿ ಇರುವುದು ಡಿಸ್ಕ್ ಬ್ರೇಕೇ ಅಲ್ಲವೆ? ಆದರೆ ಈ ಮಾತು ವಿಜ್ಞಾನದ ಪರೀಕ್ಷೆಯಲ್ಲಿ ಎಷ್ಟು ಅಂಕ ಪಡೆಯುತ್ತದೆ? ಹಣದ ಜೊತೆಗೆ ಜೀವದ ಪ್ರಶ್ನೆಯೂ ಇಲ್ಲಿರುವುದರಿಂದ ವಿಚಾರಿಸಿ ನೋಡೋಣ.

ಉದಾಹರಣೆಗೆ ಪ್ರೀಮಿಯರ್ ಪದ್ಮಿನಿ ಕಾರನ್ನು ತೆಗೆದುಕೊಳ್ಳಿ. 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದ ಕಾರು ಇದು. ಎಂಜಿನ್ 1089 ಸಿ.ಸಿ., ತೂಕ ಸುಮಾರು 900 ಕಿ.ಗ್ರಾಂ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್.

ನಿಲ್ಲಿಸುವುದು ಯಾವುದು?

ಇಬ್ಬರು ಕುಳಿತ ಈ ಕಾರಿನ ರಾಶಿ 1000 ಕಿ.ಗ್ರಾಂ. ಎಂದಿಟ್ಟುಕೊಳ್ಳಿ. ಸಂಗನಕಲ್ಲಿನಿಂದ ಬಳ್ಳಾರಿಯ ಕಡೆಗೆ ಅದು ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.7 ಮೀ. ವೇಗದಲ್ಲಿ ಬರುತ್ತಿದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಚಾಲಕ ಬ್ರೇಕ್ ತುಳಿಯುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಕಾರು ಸುಮಾರು 17 ಮೀ. ಮುಂದೆ ಹೋಗಿರುತ್ತದೆ. ಆಮೇಲೆ ಎಷ್ಟು ದೂರ ಬೇಕು?

ಚಕ್ರ ಜಾರತೊಡಗುವ ಹಂತದವರೆಗೂ ಬ್ರೇಕ್ ಬಿಗಿಯಬಲ್ಲುದಾದರೆ, ಆ ದೂರ = ವೇಗದ ವರ್ಗ ÷ (2 × ಘರ್ಷಣಾಂಕ × ಗುರುತ್ವ ವೇಗೋತ್ಕರ್ಷ). ಒಣಗಿದ ಡಾಂಬರು ರಸ್ತೆ, ಒಳ್ಳೆಯ ಟೈರು, ಘರ್ಷಣಾಂಕ 0.7 ಎಂದುಕೊಂಡರೆ ಉತ್ತರ 20 ಮೀ. ರಸ್ತೆಯ ಮೇಲೆ ಮಣ್ಣುಪುಡಿ ಹರಡಿದ್ದು, ಟೈರೂ ಸವೆದು, ಘರ್ಷಣಾಂಕ 0.4ಕ್ಕೆ ಇಳಿದರೆ ಉತ್ತರ 35 ಮೀ.!

ಸೂತ್ರವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಡ್ರಮ್ ಇಲ್ಲ, ಡಿಸ್ಕೂ ಇಲ್ಲ. ಬ್ರೇಕು ಚಕ್ರವನ್ನು ತಡೆಯುತ್ತದೆ. ಕಾರನ್ನು ತಡೆಯುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಸುಸ್ಥಿತಿಯಲ್ಲಿರುವ ಡ್ರಮ್ ಬ್ರೇಕು ಈ ವೇಗದಲ್ಲಿ ಚಕ್ರವನ್ನು ಜಾರುವ ಹಂತಕ್ಕೆ ತರಬಲ್ಲುದು. ಹಾಗಿರುವಾಗ ಡಿಸ್ಕ್ ಹಾಕಿದ ಮಾತ್ರಕ್ಕೆ ಆ 20 ಮೀ. 15 ಆಗುವುದಿಲ್ಲ. ಪಾಠದಲ್ಲಿ 'ಬ್ರೇಕು ಹಾಕಿದ ಬಲ' ಎಂದಷ್ಟೇ ಹೇಳಿ ಲೆಕ್ಕ ಮಾಡಿಸುವಾಗ ಈ ಮುಖ್ಯ ಅಂಶ ಮರೆಯಾಗುತ್ತದೆ. ಶಿಕ್ಷಕರು ಇದನ್ನು ಗಮನಿಸಬೇಕು.

ಡಿಸ್ಕಿನ ನಿಜವಾದ ಗುಣ

ಹಾಗಾದರೆ ಡಿಸ್ಕ್ ಬ್ರೇಕಿನಿಂದ ಪ್ರಯೋಜನವೇ ಇಲ್ಲವೆ? ಇದೆ. ಅದು ಉಷ್ಣಕ್ಕೆ ಸಂಬಂಧಿಸಿದ್ದು.

ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಬಂಡೆಗೆ ಉಜ್ಜಿ ನಯಗೊಳಿಸುತ್ತಿದ್ದರು. ಹಾಗೆ ಉಜ್ಜಿದ ಗುಣಿಗಳನ್ನು ಅಲ್ಲಿ ಇಂದೂ ಕಾಣಬಹುದು. ಉಜ್ಜಿದಲ್ಲಿ ಸವೆತವೂ ಉಂಟು, ಉಷ್ಣವೂ ಉಂಟು. ಬ್ರೇಕಿನಲ್ಲಿ ನಡೆಯುವುದೂ ಇದೇ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ನಮ್ಮ ಕಾರಿನ ಚಲನಶಕ್ತಿ ಸುಮಾರು 139 ಕಿಲೋಜೂಲ್. ನಾಲ್ಕು ಡ್ರಮ್ಮುಗಳಲ್ಲಿ ಒಟ್ಟು 20 ಕಿ.ಗ್ರಾಂ. ಕಬ್ಬಿಣವಿದೆ ಎಂದುಕೊಂಡರೆ, ಒಮ್ಮೆ ನಿಲ್ಲಿಸಿದಾಗ ಅವುಗಳ ತಾಪ ಏರುವುದು ಸರಾಸರಿ 15 ಡಿಗ್ರಿ ಮಾತ್ರ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಬಯಲು ರಸ್ತೆಗಳಲ್ಲಿ ಇದು ಚಿಂತಿಸುವ ಸಂಗತಿಯಲ್ಲ.

ಸಂಡೂರಿನ ಬೆಟ್ಟಗಳ ಕಡೆಗೆ ಹೋದರೆ ಲೆಕ್ಕ ಬದಲಾಗುತ್ತದೆ. ಇದೇ ಕಾರು 200 ಮೀ. ಎತ್ತರದಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ಸುಮಾರು 1960 ಕಿಲೋಜೂಲ್ ಶಕ್ತಿ ಉಷ್ಣವಾಗಬೇಕು. ಗಾಳಿಗೆ ಏನೂ ಹೋಗದಿದ್ದರೆ ಡ್ರಮ್ಮಿನ ತಾಪ 200 ಡಿಗ್ರಿಗೂ ಹೆಚ್ಚು ಏರುತ್ತದೆ. ಬಿಸಿಯಾದ ಡ್ರಮ್ ಹಿಗ್ಗಿ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಲೈನಿಂಗಿನ ಘರ್ಷಣೆಯೂ ಕುಗ್ಗುತ್ತದೆ. ಪೆಡಲ್ ತುಳಿದರೂ ಕಾರು ನಿಲ್ಲದು. ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ತಣಿಯುತ್ತದೆ; ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ನೀರಿನಲ್ಲಿ ಹಾದು ಬಂದ ಮೇಲೂ ಬೇಗ ಸರಿಹೋಗುತ್ತದೆ. ಇವು ಡಿಸ್ಕಿನ ನಿಜವಾದ ಗುಣಗಳು. ಆದರೆ ಘಟ್ಟ ಇಳಿಯುವಾಗ ಕೆಳಗಿನ ಗೇರ್ ಹಾಕಿ ಎಂಜಿನ್ನಿನಿಂದಲೇ ವೇಗ ತಡೆಯುವುದು ಖರ್ಚಿಲ್ಲದ ಉಪಾಯವೆಂಬುದನ್ನು ಮರೆಯಬಾರದು.

ಅರ್ಧ ಬದಲಾವಣೆಯ ಅಪಾಯ

ಡ್ರಮ್ ಬ್ರೇಕಿನಲ್ಲಿ ಚಕ್ರದ ತಿರುಗುವಿಕೆಯೇ ಒಂದು ಶೂವನ್ನು ಇನ್ನಷ್ಟು ಒಳಸೆಳೆದು ಬಿಗಿಯುತ್ತದೆ. ಡಿಸ್ಕಿನಲ್ಲಿ ಈ ಸಹಾಯವಿಲ್ಲ. ಆದ್ದರಿಂದ ಬೇರೇನನ್ನೂ ಬದಲಿಸದೆ ಡಿಸ್ಕ್ ಮಾತ್ರ ಹಾಕಿದರೆ ಪೆಡಲನ್ನು ಹೆಚ್ಚು ಬಲದಿಂದ ತುಳಿಯಬೇಕಾಗುತ್ತದೆ. ಅದಕ್ಕೆ ಬೂಸ್ಟರ್ ಬೇಕು, ತಕ್ಕ ಅಳತೆಯ ಮಾಸ್ಟರ್ ಸಿಲಿಂಡರ್ ಬೇಕು. ಮುಂದಿನ ಮತ್ತು ಹಿಂದಿನ ಬ್ರೇಕುಗಳ ನಡುವಿನ ಹಂಚಿಕೆಯೂ ಹೊಂದಬೇಕು. ನಿಲ್ಲಿಸುವಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡರೆ ಕಾರು ಅಡ್ಡ ತಿರುಗುತ್ತದೆ. ಬೇರೆ ಕಾರಿನ ಭಾಗಗಳನ್ನು ತಂದು ಅಂದಾಜಿನ ಮೇಲೆ ಜೋಡಿಸುವುದು ಸುಧಾರಣೆಯಲ್ಲ, ಹೊಸ ಅಪಾಯ.

ಕಾನೂನಿನ ಮಾತೂ ಇದೆ. ತಯಾರಕರು ನೀಡಿದ ಮೂಲ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಯಾವುದೇ ಬದಲಾವಣೆಗೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಮೊದಲು ಏನು, ನಂತರ ಏನು?

ಮೊದಲ ಖರ್ಚು ಟೈರಿಗೆ. ಎರಡನೆಯದು ಇರುವ ಬ್ರೇಕಿನ ದುರಸ್ತಿಗೆ: ಹಳಸಿದ ರಬ್ಬರ್ ಕೊಳವೆ, ಸವೆದ ಲೈನಿಂಗ್, ಸೋರುವ ಸಿಲಿಂಡರ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲಿಗೆ ಇರಬೇಕಾದ ಕನಿಷ್ಠ ಕುದಿಯುವ ಬಿಂದು ಹೊಸದಾಗಿದ್ದಾಗ 205 ಡಿಗ್ರಿ, ತೇವ ಹೀರಿದ ಮೇಲೆ 140 ಡಿಗ್ರಿ ಸೆಲ್ಸಿಯಸ್. ಕುದಿದು ಆವಿಯಾದರೆ ಪೆಡಲ್ ಪೊಳ್ಳಾಗುತ್ತದೆ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಪುಡಿಯನ್ನು ಊದಬಾರದು.

ಮೂರನೆಯದು, ಅನೇಕರ ಗಮನಕ್ಕೆ ಬಾರದ್ದು. ಹಲವು ಹಳೆಯ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಆಯಿಲ್ ಮಾರ್ಗ. ಎಲ್ಲಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಹೋದಂತೆ. ಎರಡು ಪ್ರತ್ಯೇಕ ಮಾರ್ಗಗಳ ಮಾಸ್ಟರ್ ಸಿಲಿಂಡರ್ ಇದ್ದರೆ ಅರ್ಧವಾದರೂ ಉಳಿಯುತ್ತದೆ. ಡಿಸ್ಕಿಗಿಂತ ಮೊದಲು ಯೋಚಿಸಬೇಕಾದ ಸುಧಾರಣೆ ಇದು. ಡಿಸ್ಕ್ ಕೊನೆಗೆ, ಅದೂ ಘಟ್ಟದ ರಸ್ತೆಯಲ್ಲಿ ಪದೇಪದೇ ಓಡಾಡುವವರಿಗೆ, ಬಲ್ಲವರು ಇಡೀ ವ್ಯವಸ್ಥೆಯನ್ನು ಹೊಂದಿಸಿಕೊಟ್ಟರೆ ಮಾತ್ರ.

ತರಗತಿಯಲ್ಲಿ ನೀವೇ ಪರೀಕ್ಷಿಸಿ. ಹಳೆಯ ಟೈರಿನ ತುಂಡೊಂದರ ಮೇಲೆ ಇಟ್ಟಿಗೆ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ಶಾಲೆಯ ಸಿಮೆಂಟು ನೆಲದ ಮೇಲೆ ಎಳೆಯಿರಿ. ಎಳೆದ ಬಲವನ್ನು ಒಟ್ಟು ಭಾರದಿಂದ ಭಾಗಿಸಿದರೆ ಘರ್ಷಣಾಂಕ ಸಿಗುತ್ತದೆ. ನೆಲ ಒಣಗಿದ್ದಾಗ, ಒದ್ದೆಯಾದಾಗ, ಮಣ್ಣುಪುಡಿ ಹರಡಿದಾಗ ಅಳೆದು ಪಟ್ಟಿ ಮಾಡಿ. ಆ ಸಂಖ್ಯೆಗಳನ್ನು ಮೇಲಿನ ಸೂತ್ರದಲ್ಲಿ ಹಾಕಿ ನೋಡಿ. ಹಣವನ್ನು ಮೊದಲು ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳೇ ಹೇಳುತ್ತಾರೆ.