ಡಾಂಬರಿನ ಗಾಡಿಗೆ ಹೊಲದ ಟೈರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ಊರುಗಳಲ್ಲಿ ಪಕ್ಕದ ಊರಿಗೆ ಹೋಗಬೇಕೆಂದರೆ ಇಪ್ಪತ್ತರಿಂದ ನಲವತ್ತು ಕಿ.ಮೀ. ದಾರಿ. ಬೆಳಗ್ಗೆ ಹೊರಟು ಕಚೇರಿ ಕೆಲಸವನ್ನೋ ಸಂತೆಯನ್ನೋ ಮುಗಿಸಿ ಸಂಜೆಗೆ ಮನೆ ಸೇರುವ ದೂರ. ಒಂದು ಚಾರ್ಜಿಗೆ ಹೇಳಿ ಮಾಡಿಸಿದಂಥದ್ದು. ಹಾಗಾಗಿಯೇ ಕರೆಂಟ್ ಗಾಡಿ ಇಲ್ಲಿ ಬೇಗ ಒಗ್ಗಿಕೊಂಡಿತು. ಮೊದಲ ಸುತ್ತಿನಲ್ಲಿ ಕೊಂಡವರ ಗಾಡಿಗಳಲ್ಲಿ ಕಂಪನಿ ಟೈರು ಸವೆದು ಎರಡನೇ ಜೊತೆ ಹಾಕಿಸುವ ಹೊತ್ತು ಈಗ ಬಂದಿದೆ. ಟೈರ್ ಅಂಗಡಿಯ ಮುಂದೆ ಕೇಳಿಬರುವ ಬೇಡಿಕೆ ಮಾತ್ರ ಹಳೆಯದೇ: "ಬಟನ್ ಜೋರಾಗಿರೋದು ಕೊಡ್ರಿ ಅಣ್ಣಾ, ನಮ್ ರೋಡು ಗೊತ್ತಲ್ಲ ನಿಮಗೆ."

ಈ ಆಯ್ಕೆ ತಪ್ಪು ಎನ್ನುವುದು ನನ್ನ ವಾದ. ರಸ್ತೆ ಕೆಟ್ಟಿದೆ ಎಂಬ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ನಮ್ಮ ರಸ್ತೆ ಯಾವ ಬಗೆಯಲ್ಲಿ ಕೆಟ್ಟಿದೆಯೋ ಅದಕ್ಕೆ ಮೈಮೇಲೆ ಉಬ್ಬಿದ ಗುಂಡಿಗಳಿರುವ ಈ ಬಟನ್ ಟೈರು ಮದ್ದಲ್ಲ.

ಬಟನ್ ಟೈರಿನ ಮೇಲಿನ ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಹೊಲಕ್ಕೆ ಹೋದವರು, ಸ್ಪ್ಲೆಂಡರ್‌ನಲ್ಲಿ ಬಂಡಿಜಾಡು ಹಿಡಿದವರು ಅನುಭವದಿಂದ ಕಲಿತದ್ದು ಅದು. ಸಡಿಲ ಮಣ್ಣಿನಲ್ಲಿ ಟೈರಿನ ಗಟ್ಟಿ ಗುಂಡಿಗಳು ನೆಲಕ್ಕೆ ಇಳಿದು ಹಿಡಿಯುತ್ತವೆ, ನಡುವಿನ ಸಂದು ಮಣ್ಣನ್ನು ಹಿಂದಕ್ಕೆ ಎಸೆಯುತ್ತದೆ. ಡಾಂಬರಿನಲ್ಲಿ ಗುಂಡಿ ಇಳಿಯುವುದಕ್ಕೆ ಜಾಗವೇ ಇಲ್ಲ. ಅಲ್ಲಿ ಹಿಡಿತ ಬರುವುದು ರಬ್ಬರು ಎಷ್ಟು ಅಗಲಕ್ಕೆ ರಸ್ತೆಯನ್ನು ಮುಟ್ಟುತ್ತದೆ, ಎಷ್ಟು ಮೆದುವಾಗಿ ಅಂಟುತ್ತದೆ ಎಂಬುದರಿಂದ. ಬಟನ್ ಟೈರಿನಲ್ಲಿ ಅರ್ಧ ಜಾಗ ಸಂದಿಗೇ ಹೋಗುತ್ತದೆ. ಉಳಿದರ್ಧದ ಗುಂಡಿಗಳು ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಬಾಗಿದಾಗ ಬುಡದಿಂದ ಅಲುಗುತ್ತವೆ. ಹೊಲದಲ್ಲಿ ಗಟ್ಟಿ ಎನಿಸಿದ ಟೈರು ಟಾರು ರೋಡಿನಲ್ಲಿ ತೇಲಿದಂತೆ ಅನ್ನಿಸುವುದು ಇದರಿಂದಲೇ.

ಎರಡನೇ ನಷ್ಟ ಮೈಲೇಜಿನದು. ರಬ್ಬರು ಪ್ರತಿ ಸುತ್ತಿನಲ್ಲೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಆಗ ಕಳೆದುಹೋಗುವ ಶಕ್ತಿ ಬಿಸಿಯಾಗಿ ಹೊರಟುಹೋಗುತ್ತದೆ. ಗುಂಡಿ ದಪ್ಪಗಿದ್ದು ಅಲುಗಾಡಿದಷ್ಟೂ ಈ ಖರ್ಚು ಜಾಸ್ತಿ. ಒಂದು ಅಂದಾಜಿನ ಲೆಕ್ಕ ಹಾಕೋಣ. ಗಾಡಿ, ಇಬ್ಬರು ಸವಾರರು ಸೇರಿ 240 ಕೆ.ಜಿ. ಎಂದಿಟ್ಟುಕೊಳ್ಳಿ. ಉರುಳುವಾಗ ಟೈರು ಒಡ್ಡುವ ತಡೆ ಭಾರದ ನೂರಕ್ಕೆ ಒಂದೂವರೆಯಷ್ಟಿದ್ದರೆ ಕಿಲೋಮೀಟರಿಗೆ ಹತ್ತಿರಹತ್ತಿರ 10 ವ್ಯಾಟ್-ಅವರ್ ಅದಕ್ಕೇ ಹೋಗುತ್ತದೆ. ತಡೆ ನೂರಕ್ಕೆ ಎರಡಾದರೆ ಖರ್ಚು 13ಕ್ಕೆ ಏರುತ್ತದೆ. ಕಿಲೋಮೀಟರಿಗೆ ಒಟ್ಟು 30 ವ್ಯಾಟ್-ಅವರ್ ತಿನ್ನುವ ಗಾಡಿಯಲ್ಲಿ ಈ ಮೂರು ಎಂದರೆ ಹತ್ತರಲ್ಲಿ ಒಂದು ಪಾಲು. ನೂರು ಕಿ.ಮೀ. ಓಡುತ್ತಿದ್ದ 3 ಕಿಲೋವ್ಯಾಟ್-ಅವರ್ ಬ್ಯಾಟರಿ ತೊಂಬತ್ತಕ್ಕೇ ಸುಸ್ತಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇಷ್ಟು ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ, ಬಂಕು ಎಲ್ಲ ಕಡೆ ಇತ್ತು. ಕೂಡ್ಲಿಗಿಯಿಂದ ಹೊಸಪೇಟೆಗೆ ಹೋಗಿ ಅದೇ ಚಾರ್ಜಿನಲ್ಲಿ ವಾಪಸ್ ಬರಬೇಕಾದವನಿಗೆ ಆ ಹತ್ತು ಕಿ.ಮೀ. ಸಣ್ಣದಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಟೈರಿನ ತಡೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಎಪ್ಪತ್ತರ ವೇಗದಲ್ಲಿ ಹೋಗುವಾಗ ಬ್ಯಾಟರಿ ಬಹುಪಾಲು ಗಾಳಿಯನ್ನು ಸೀಳುವುದಕ್ಕೆ ಖರ್ಚಾಗುತ್ತದೆ. ಕೊಟ್ಟೂರಿನಿಂದ ಕೂಡ್ಲಿಗಿಗೆ ನಲವತ್ತರಲ್ಲಿ, ಹಂಪು ತಗ್ಗುಗಳನ್ನು ದಾಟುತ್ತ ಹೋಗುವಾಗ ಟೈರಿನ ಪಾಲು ದೊಡ್ಡದಾಗುತ್ತದೆ. ಹೆದ್ದಾರಿಯವರಿಗಿಂತ ತಾಲ್ಲೂಕು ರಸ್ತೆಯವರಿಗೇ ಟೈರಿನ ಆಯ್ಕೆ ಹೆಚ್ಚು ಮುಖ್ಯ ಎಂದಾಯಿತು.

ಹಾಗಾದರೆ ಕಂಪನಿ ಹಾಕಿಕೊಟ್ಟ ನುಣುಪು ಟೈರೇ ಸರಿಯೇ? ಅದನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಕಡಿಮೆ ತಡೆ, ಒದ್ದೆ ರಸ್ತೆಯ ಹಿಡಿತ, ಬಾಳಿಕೆ, ಈ ಮೂರೂ ಟೈರಿನಲ್ಲಿ ಒಟ್ಟಿಗೆ ಸಿಗುವುದು ಕಷ್ಟ. ಒಂದನ್ನು ಎಳೆದರೆ ಇನ್ನೆರಡು ಜಾರುತ್ತವೆ. 1992ರಲ್ಲಿ ಮಿಶೆಲಿನ್ ಕಂಪನಿ ಕಾರಿನ ಟೈರಿಗೆ ಸಿಲಿಕಾ ಬೆರೆಸಿ ಈ ಜಗಳವನ್ನು ಒಂದಿಷ್ಟು ಬಗೆಹರಿಸಿತು, ಪೂರ್ತಿ ಅಲ್ಲ. ರೇಂಜಿನ ಅಂಕಿಯನ್ನೇ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವ ಸ್ಕೂಟರ್ ತಯಾರಕರಿಗೆ ಕಡಿಮೆ ತಡೆಯ ಟೈರಿನ ಮೇಲೆ ಒಲವು ಇರುವುದು ಸಹಜ. ಕೊಳ್ಳುವವನಿಗೆ ಇದನ್ನು ತೂಗಿ ನೋಡುವ ದಾರಿಯೂ ಇಲ್ಲ. ನಮ್ಮ ದೇಶದ ಎಐಎಸ್-142 ಮಾನದಂಡ ಕಾರು, ಲಾರಿ, ಬಸ್ಸಿನ ಟೈರುಗಳ ಉರುಳು ತಡೆ ಮತ್ತು ಒದ್ದೆ ಹಿಡಿತವನ್ನು ಅಳೆಯುತ್ತದೆ. ದ್ವಿಚಕ್ರದ ಟೈರನ್ನು ಹೊರಗಿಟ್ಟಿದೆ. ಐಎಸ್‌ಐ ಗುರುತು ಇದೆ ನಿಜ, ಆದರೆ ಅದು ಕನಿಷ್ಠ ಗುಣಮಟ್ಟಕ್ಕೆ ಭರವಸೆ. ಎರಡು ಒಳ್ಳೆಯ ಟೈರುಗಳಲ್ಲಿ ಯಾವುದು ಮೇಲು ಎಂದು ಅದು ಹೇಳುವುದಿಲ್ಲ.

ಈಗ ನಮ್ಮ ರಸ್ತೆಗೇ ಬರೋಣ. ಹಡಗಲಿ, ಹರಪನಹಳ್ಳಿ ಕಡೆಯ ಎರೆಹೊಲದಿಂದ ಟ್ರ್ಯಾಕ್ಟರ್ ಡಾಂಬರಿಗೆ ಹತ್ತುವಾಗ ಗಾಲಿಯಲ್ಲಿ ಮೆತ್ತಿದ ಮಣ್ಣನ್ನು ಮಾರುದೂರ ಬಿಟ್ಟುಹೋಗುತ್ತದೆ. ಒಣಗಿದರೆ ಧೂಳು. ಒಂದು ಹನಿ ಮಳೆ ಬಿದ್ದರೆ ಸಾಬೂನಿಗಿಂತ ಕಡೆ. ಎರೆಮಣ್ಣು ಬಟನ್ ಸಂದಿಗೆ ಸೇರಿದರೆ ಹೊರಬರುವುದಿಲ್ಲ. ಗಟ್ಟಿಯಾಗಿ ಕೂತು ಬಟನ್ ಟೈರನ್ನೂ ನುಣುಪು ಟೈರನ್ನೂ ಒಂದೇ ಮಾಡಿಬಿಡುತ್ತದೆ. ಅಂಥಲ್ಲಿ ಬೇಕಾದದ್ದು ನಡುವೆ ಉದ್ದಕ್ಕೆ ಓಡುವ, ನೀರನ್ನು ಪಕ್ಕಕ್ಕೆ ತಳ್ಳುವ ಸ್ಪಷ್ಟ ಗೆರೆಗಳಿರುವ ರಸ್ತೆ ಟೈರು, ಜೊತೆಗೆ ಬ್ರೇಕಿನ ಮೇಲೆ ಸಂಯಮ. ಸುಗ್ಗಿಯಲ್ಲಿ ಹುರುಳಿ, ರಾಗಿ, ಸಜ್ಜೆಯನ್ನು ರಸ್ತೆಯ ಮೇಲೆ ಹರವಿ ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರಲ್ಲ, ಅಲ್ಲಿಯಂತೂ ಯಾವ ಟೈರೂ ನೆಚ್ಚುವಂತಿಲ್ಲ. ಕಾಳು ಉರುಳುತ್ತದೆ, ಟೈರು ಕಾಳಿನ ಮೇಲೆ ಉರುಳುತ್ತದೆ. ಮೋಟರು ತಾನೇ ಬ್ರೇಕ್ ಆಗಿ ಬ್ಯಾಟರಿಗೆ ಕರೆಂಟ್ ಮರಳಿಸುವ ವ್ಯವಸ್ಥೆ ಹಿಂದಿನ ಚಕ್ರವನ್ನೇ ಹಿಡಿಯುವುದರಿಂದ, ಹರವಿದ ಒಕ್ಕಲಿನ ಮೇಲೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೂ ಗಾಡಿಯ ಹಿಂಬದಿ ಜಾರಬಹುದು. ಪೆಟ್ರೋಲ್ ಸ್ಕೂಟರಿನಿಂದ ಬಂದವರು ಇದನ್ನು ಹೊಸದಾಗಿ ಕಲಿಯಬೇಕು.

ಬಟನ್ ಟೈರಿನ ಪರವಾಗಿ ಕೇಳುವ ಇನ್ನೊಂದು ವಾದ ಮುಳ್ಳು. ಇಡೀ ಸೀಮೆಯಲ್ಲಿ ಕೆರೆ ಅಂಗಳ, ರಸ್ತೆ ಬದಿ ಎಲ್ಲೆಂದರಲ್ಲಿ ಹಬ್ಬಿರುವ ಗಿಡವನ್ನು ಉಳಿದ ಕರ್ನಾಟಕ ಕರೆಯುವುದೇ ಬಳ್ಳಾರಿ ಜಾಲಿ ಎಂದು. ಅದರ ಮುಳ್ಳು ಬೆರಳಿನ ಗೆಣ್ಣಿನಷ್ಟು ಉದ್ದ ಬೆಳೆಯುತ್ತದೆ. ಹೊಸ ಸ್ಕೂಟರ್ ಟೈರಿನ ಗುಂಡಿಯೂ ಕೆಲವೇ ಮಿಲಿಮೀಟರ್ ದಪ್ಪ. ಗುಂಡಿಗೆ ಚುಚ್ಚಿದ್ದು ತಡೆದೀತು ಎಂದರೂ ಸಂದಿಗೆ ಚುಚ್ಚಿದ್ದು ನೇರ ಒಳಗೆ ಹೋಗುತ್ತದೆ. ಮುಳ್ಳಿಗೆ ಉತ್ತರ ಟ್ಯೂಬ್‌ಲೆಸ್. ಟ್ಯೂಬು ಮುಳ್ಳು ತಗುಲಿದ ಕೂಡಲೇ ಕೂತುಬಿಡುತ್ತದೆ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಸಿಕ್ಕಿಕೊಂಡೇ ಗಾಳಿ ನಿಧಾನಕ್ಕೆ ಇಳಿಯುವುದರಿಂದ ಮುಂದಿನ ಊರಿನ ಪಂಚರ್ ಅಂಗಡಿ ಮುಟ್ಟಬಹುದು. ಕರೆಂಟ್ ಗಾಡಿಗೆ ಇದು ಇನ್ನೂ ಅಗತ್ಯ. ಟಿವಿಎಸ್ ಐಕ್ಯೂಬ್‌ನಂಥ ಗಾಡಿಗಳಲ್ಲಿ ಮೋಟರು ಹಿಂದಿನ ಚಕ್ರದ ಒಳಗೇ ಇದೆ. ಚಕ್ರ ಬಿಚ್ಚಬೇಕೆಂದರೆ ಮೋಟರಿನ ವೈರನ್ನೂ ಕಳಚಬೇಕು. ಅದಕ್ಕೆ ಕೈ ಹಾಕುವುದಕ್ಕೆ ಹಳ್ಳಿಯ ಪಂಚರ್ ಹುಡುಗ ಹಿಂಜರಿದರೆ ತಪ್ಪು ಅವನದಲ್ಲ. ಟ್ಯೂಬ್‌ಲೆಸ್ ಆದರೆ ಚಕ್ರ ಕಳಚದೆ, ಮುಳ್ಳು ಕಿತ್ತ ತೂತಿಗೆ ರಬ್ಬರ್ ಪಟ್ಟಿ ತುರುಕಿ ಕೆಲಸ ಮುಗಿಸುತ್ತಾನೆ.

ಬಟನ್ ಬಿಟ್ಟರೆ ಮುಂದಿನ ಹಂಬಲ ಅಗಲ. "ಒಂದು ಸೈಜ್ ದಪ್ಪ ಹಾಕಿಸ್ರಿ, ನೋಡೋಕೂ ಚೆಂದ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಟೈರಿನ ಪಕ್ಕೆಯ ಮೇಲಿನ ಅಂಕಿಯನ್ನು ಓದಿ ನೋಡಿ. ಐಕ್ಯೂಬ್‌ನಲ್ಲಿ 90/90-12 ಎಂದಿರುತ್ತದೆ: ಅಗಲ 90 ಮಿ.ಮೀ., ಎತ್ತರ ಅಗಲದ ನೂರಕ್ಕೆ 90, ರಿಮ್ಮು 12 ಇಂಚು. ಇಡೀ ಚಕ್ರದ ಅಡ್ಡಳತೆ ಸುಮಾರು 467 ಮಿ.ಮೀ. ಇದೇ ರಿಮ್ಮಿಗೆ 100/90-12 ಹಾಕಿಸಿದರೆ ಅಡ್ಡಳತೆ 485 ಆಗುತ್ತದೆ, ಸುಮಾರು ನೂರಕ್ಕೆ ನಾಲ್ಕು ಹೆಚ್ಚು. ಮೀಟರು 40 ತೋರಿಸುವಾಗ ಗಾಡಿ 41ನ್ನೂ ದಾಟಿ ಓಡುತ್ತಿರುತ್ತದೆ. ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ, ಸವಾರ ರೇಂಜ್ ಬಿತ್ತು ಎಂದು ಬ್ಯಾಟರಿಯನ್ನು ಬೈಯುತ್ತಾನೆ. ಮಡ್‌ಗಾರ್ಡಿಗೆ ಉಜ್ಜುವುದು ಬೇರೆ. ಏಥರ್ ಕಂಪನಿ 2022ರಲ್ಲಿ ತನ್ನ 450ಎಕ್ಸ್ ಸ್ಕೂಟರಿನ ಹಿಂಟೈರನ್ನು ಅಗಲ ಮಾಡಿದಾಗ ಹಾಕಿದ್ದು 100/80-12. ಅದರ ಅಡ್ಡಳತೆ 465, ಹಳೆಯ 90/90-12ಕ್ಕಿಂತ ಎರಡೇ ಮಿ.ಮೀ. ಕಡಿಮೆ. ಅಗಲ ಹೆಚ್ಚಿಸಿ ಎತ್ತರವನ್ನು ಲೆಕ್ಕ ಹಾಕಿ ಇಳಿಸಿದ ಜಾಣತನ ಅದು. ಅಂಗಡಿಯಲ್ಲಿ ಕಣ್ಣಳತೆಯಿಂದ ಬರುವಂಥದ್ದಲ್ಲ.

ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತವೆ. ಯಾರೂ ನೋಡದ, ಎಲ್ಲಕ್ಕಿಂತ ಮೊದಲು ನೋಡಬೇಕಾದ ಗುರುತು ಅದು. 54 ಎಂದಿದ್ದರೆ ಆ ಟೈರು ಹೊರಬಲ್ಲದ್ದು 212 ಕೆ.ಜಿ.; 50 ಎಂದಿದ್ದರೆ 190. ಜೆ ಅಕ್ಷರವೆಂದರೆ ಗಂಟೆಗೆ 100 ಕಿ.ಮೀ. ವೇಗದವರೆಗೆ ಎಂದು. ಹಡಗಲಿ ಮಲ್ಲಿಗೆಯ ಮೂಟೆ ಗಾಡಿಗೆ ಭಾರವೇ ಅಲ್ಲ. ಆದರೆ 117 ಕೆ.ಜಿ. ಗಾಡಿಯ ಮೇಲೆ ಗಂಡ ಹೆಂಡತಿ ಕೂತು, ಕಾಲಿನ ನಡುವೆ ಮೆಕ್ಕೆಜೋಳದ ಚೀಲವನ್ನೂ ಇಟ್ಟರೆ ಒಟ್ಟು ಮುನ್ನೂರರ ಹತ್ತಿರ ಹೋಗುತ್ತದೆ. ಅದರಲ್ಲಿ ಹೆಚ್ಚು ಪಾಲು ಹಿಂದಿನ ಟೈರಿನದು. ಅಲ್ಲಿ 54 ಇದ್ದರೆ ಉಸಿರಾಡಲು ಜಾಗವಿದೆ, 50 ಇದ್ದರೆ ಅಂಚಿಗೆ ಬಂದಂತೆ. ಮಾಘದಲ್ಲಿ ಕೊಟ್ಟೂರು ತೇರಿಗೋ ಭರತ ಹುಣ್ಣಿಮೆಯ ಹೊತ್ತಿನ ಮೈಲಾರದ ಕಾರಣಿಕಕ್ಕೋ ಮಕ್ಕಳನ್ನೂ ಕೂರಿಸಿಕೊಂಡು ಹೊರಡುವವರು ಈ ಅಂಕಿಯನ್ನು ಒಮ್ಮೆ ನೋಡಿಕೊಳ್ಳಲಿ.

250 ವ್ಯಾಟ್ ಮೋಟರಿನ, 25 ಕಿ.ಮೀ. ವೇಗ ಮೀರದ, ನೋಂದಣಿ ಮತ್ತು ಲೈಸೆನ್ಸ್ ಬೇಡದ ಸಣ್ಣ ಬ್ಯಾಟರಿ ಗಾಡಿಗಳ ವಿಚಾರದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ವಯಸ್ಸಾದವರು, ಕಾಲೇಜು ಹುಡುಗಿಯರು ಓಡಿಸುವ ಗಾಡಿ ಅವು. ಚಕ್ರ ಚಿಕ್ಕದಾದಷ್ಟೂ ತಗ್ಗಿನ ಹೊಡೆತ ಜೋರು. ವೇಗ ಕಡಿಮೆ ಎಂದು ಹೆಸರಿಲ್ಲದ ಅಗ್ಗದ ಟೈರು ಹಾಕಿಸುವುದು ಉಳಿತಾಯವಲ್ಲ.

ಇಷ್ಟೆಲ್ಲ ಆಯ್ಕೆಯನ್ನೂ ಕೆಡಿಸಬಲ್ಲದ್ದು ಗಾಳಿ. ಬೆರಳಲ್ಲಿ ಒತ್ತಿ, ಕಾಲಲ್ಲಿ ಒದ್ದು ಗಾಳಿ ನೋಡುವ ಪದ್ಧತಿ ಇನ್ನೂ ಹೋಗಿಲ್ಲ. ಗಾಳಿ ಇಳಿದ ರಸ್ತೆ ಟೈರು, ಸರಿಯಾಗಿ ಗಾಳಿ ಹಾಕಿದ ಬಟನ್ ಟೈರಿನಷ್ಟೇ ಬ್ಯಾಟರಿ ತಿನ್ನಬಹುದು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಎಡವಟ್ಟು ನಡೆಯುತ್ತದೆ. ತಾಪ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಕಾದ ಡಾಂಬರಿನ ಮೇಲೆ ಓಡಿ ಬಂದ ಟೈರಿಗೆ ಮಧ್ಯಾಹ್ನ ಗೇಜ್ ಹಿಡಿದು, ಜಾಸ್ತಿ ಆಗಿದೆ ಎಂದು ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಟೈರು ಅರೆಹೊಟ್ಟೆಯಲ್ಲಿ ಓಡುತ್ತದೆ. ಗಾಳಿ ನೋಡಬೇಕಾದದ್ದು ಬೆಳಗ್ಗೆ, ಗಾಡಿ ತಣ್ಣಗಿರುವಾಗ, ಗಾಡಿಯ ಮೇಲೇ ಅಂಟಿಸಿದ ಚೀಟಿಯಲ್ಲಿರುವ ಅಂಕಿಗೆ ಸರಿಯಾಗಿ. ಟೈರಿನ ವಯಸ್ಸೂ ಪಕ್ಕೆಯಲ್ಲೇ ಇದೆ: ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗುಂಡಿ ದಪ್ಪವಿದೆ ಎಂದು ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಕೊಳ್ಳುವುದಕ್ಕಿಂತ ಹೊಸ ತಯಾರಿಯ ರಸ್ತೆ ಟೈರು ಲೇಸು. ಹಾಕಿಸುವಾಗ ಪಕ್ಕೆಯ ಬಾಣದ ಗುರುತು ಮುಂದಕ್ಕೆ ಉರುಳುವ ದಿಕ್ಕಿಗೆ ಇದೆಯೇ ಎಂದು ಕಣ್ಣಾಡಿಸಿದರೆ ಸಾಕು.

ಬಟನ್ ಟೈರಿಗೆ ಜಾಗವೇ ಇಲ್ಲ ಎನ್ನುತ್ತಿಲ್ಲ. ದಿನವೂ ಅರ್ಧ ದಾರಿ ಹೊಲದ ಜಾಡಿನಲ್ಲೇ ಇರುವ ತೋಟದ ಮನೆಯವರಿಗೆ ಮಧ್ಯದಲ್ಲಿ ಗಟ್ಟಿ ಪಟ್ಟಿ, ಅಂಚಿನಲ್ಲಿ ಗುಂಡಿ ಇರುವ, ಎರಡೂ ಬಗೆಯ ದಾರಿಗೆ ಆಗುವ ಟೈರು ಹೊಂದುತ್ತದೆ. ಮೈಲೇಜಿನಲ್ಲಿ ಒಂದಿಷ್ಟು ಬಿಟ್ಟುಕೊಡುತ್ತೇನೆ ಎಂದು ತಿಳಿದೇ ಹಾಕಿಸಲಿ. ಉಳಿದವರಿಗೆ ನನ್ನ ತೀರ್ಪು ಹೀಗೆ: ಮೊದಲು ಗಾಡಿಯ ಮೂಲ ಅಳತೆ ಮತ್ತು ಭಾರದ ಅಂಕಿ, ಆಮೇಲೆ ಟ್ಯೂಬ್‌ಲೆಸ್, ಆಮೇಲೆ ಒದ್ದೆಯಲ್ಲಿ ಹಿಡಿಯುವ ರಸ್ತೆ ವಿನ್ಯಾಸ, ಮೈಲೇಜ್ ನಾಲ್ಕನೆಯದು, ಬ್ರ್ಯಾಂಡ್ ಕೊನೆಯದು. ಉರುಳು ತಡೆ ಮತ್ತು ಒದ್ದೆ ಹಿಡಿತದ ಅಂಕಿಯನ್ನು ದ್ವಿಚಕ್ರ ಟೈರಿನ ಮೇಲೆ ಮುದ್ರಿಸಬೇಕೆಂಬ ನಿಯಮ ಬರುವವರೆಗೆ ಗ್ರಾಹಕನ ಕೈಯಲ್ಲಿರುವ ಅಳತೆಗೋಲು ಇಷ್ಟೇ. ಆ ನಿಯಮವನ್ನು ಕೇಳುವ ಹಕ್ಕು ಕಾರಿನವರಿಗಿಂತ ನಮಗೇ ಹೆಚ್ಚು. ನಾಲ್ಕು ಗಾಲಿಯವರಿಗೆ ಒಂದು ಟೈರು ಜಾರಿದರೆ ಇನ್ನೂ ಮೂರಿರುತ್ತವೆ.