ಕನ್ನಡದ ಕಗಪ ಮರಾಠಿಗೆ ನಡೆದ ಬಗೆ

ಓದುಗರೊಬ್ಬರು ಹಳೇ ತಕರಾರು ಎತ್ತಿದ್ದಾರೆ: ‘ಕನ್ನಡ ಬರೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಸೋರ್ಸ್ ಕೋಡ್ ತಗೊಂಡು ನಾವೇನು ಮಾಡೋಣ?’ ಸೋರ್ಸ್ ಕೋಡ್ ಎಂದರೆ ತಂತ್ರಾಂಶವನ್ನು ಬರೆದ ಮೂಲ ಪಠ್ಯ. ಈ ಪುಕ್ಕಟೆ ಪಂಥದ ಜೊತೆ ನನ್ನ ಜಗಳ ಇಂದಿನದಲ್ಲ.

ಉತ್ತರ ನಮ್ಮ ಗಡಿಸೀಮೆಯಲ್ಲೇ ಇದೆ. ಚಿಕ್ಕೋಡಿ ಕಡೆಯ ನಮ್ಮ ಯಡೂರಿನ ವೀರಭದ್ರನಿಗೆ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಚಿಕ್ಕೋಡಿ, ನಿಪ್ಪಾಣಿಯ ಡಿಟಿಪಿ ಅಂಗಡಿಗಳಿಗೆ ಕನ್ನಡ ಲಗ್ನಪತ್ರಿಕೆಯೂ ಬರುತ್ತದೆ, ಮರಾಠಿಯದೂ ಬರುತ್ತದೆ. ಎರಡೂ ಲಿಪಿಗಳಲ್ಲಿ ಅಕ್ಷರ ಕೂಡಿಸುವ ಕೈ ಒಂದೇ. ಆ ಅಂಗಡಿಯವರು ಲಿನಕ್ಸ್ ಹಾಕಿಕೊಂಡು ಕೀಲಿಮಣೆಗಳ ಪಟ್ಟಿ ತೆರೆದು ನೋಡಲಿ. ‘ಕನ್ನಡ, ಕಗಪ’ ಇರುತ್ತದೆ. ‘ಮರಾಠಿ, ಕಗಪ’ವೂ ಇರುತ್ತದೆ. ಹಿಂದಿ, ಸಂಸ್ಕೃತ, ತೆಲುಗಿಗೂ ಕಗಪ ಉಂಟು.

ಕಗಪ ಎಂದರೆ ನಮ್ಮ ಕನ್ನಡ ಗಣಕ ಪರಿಷತ್ತು. ಅದರ ಹೆಸರು ಹೊತ್ತ ಈ ಕೀಲಿಮಣೆ ವಿನ್ಯಾಸದ ಮೂಲ ಗಣಕ ತಜ್ಞ ಕೆ.ಪಿ. ರಾಯರದು. ಅದು ಇಂಗ್ಲಿಷ್ ಕೀಲಿಗಳ ಮೇಲೆಯೇ ಕೂತಿದೆ: ಕೆ ಒತ್ತಿದರೆ ಕ, ಡಬ್ಲ್ಯು ಒತ್ತಿದರೆ ಡ, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಮರಾಠಿ ಕಗಪದಲ್ಲೂ ಡ ಇರುವುದು ಡಬ್ಲ್ಯು ಮೇಲೆಯೇ. ಕನ್ನಡದಲ್ಲಿ ಪಳಗಿದ ಬೆರಳು ಮರಾಠಿಗಾಗಿ ಮತ್ತೊಮ್ಮೆ ಕಲಿಯಬೇಕಿಲ್ಲ.

ಇದು ಹೇಗೆ ಸಾಧ್ಯವಾಯಿತು? ಲಿನಕ್ಸಿನಲ್ಲಿ ಭಾರತದ ಕೀಲಿಮಣೆಗಳೆಲ್ಲ ಒಂದು ಸಾದಾ ಪಠ್ಯಕಡತದಲ್ಲಿವೆ. ಯಾರು ಬೇಕಾದರೂ ಅದನ್ನು ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಯಾರ ಅಪ್ಪಣೆಯೂ ಬೇಡ. ಸೋರ್ಸ್ ಕೋಡಿಗೆ ಬೀಗ ಹಾಕಿದ ಪುಕ್ಕಟೆ ತಂತ್ರಾಂಶದಲ್ಲಿ ಈ ಕೆಲಸ ಆಗುತ್ತಿರಲಿಲ್ಲ. ಮರಾಠಿ ಸೇರಿಸಿ ಎಂದು ಒಡೆಯನಿಗೆ ಅರ್ಜಿ ಹಾಕಿ ಕೂರಬೇಕಾಗುತ್ತಿತ್ತು.

ತಂತ್ರಾಂಶ ತಜ್ಞ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆ ಸಾರಿದ್ದು ಇದೇ ಹಕ್ಕಿಗಾಗಿ. ಸ್ವತಂತ್ರ ತಂತ್ರಾಂಶಕ್ಕೆ ಅವರು ಕೊಟ್ಟ ವ್ಯಾಖ್ಯೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಸೊನ್ನೆಯಿಂದ ಎಣಿಕೆಯಾಗುವ ನಾಲ್ಕು ಸ್ವಾತಂತ್ರ್ಯಗಳು ಅದರಲ್ಲಿವೆ. ಸೊನ್ನೆಯದು, ಯಾವ ಕೆಲಸಕ್ಕಾದರೂ ತಂತ್ರಾಂಶವನ್ನು ನಡೆಸುವುದು. ಒಂದನೆಯದು, ಅದರ ಒಳಗನ್ನು ಓದಿ ನಮಗೆ ಬೇಕಾದಂತೆ ತಿದ್ದುವುದು. ಸೋರ್ಸ್ ಕೋಡ್ ಕೈಯಲ್ಲಿಲ್ಲದೆ ಇದು ಆಗದು. ಎರಡನೆಯದು, ಪ್ರತಿ ಮಾಡಿ ನೆರೆಯವರಿಗೆ ಕೊಡುವುದು. ಮೂರನೆಯದು, ತಿದ್ದಿದ ಪ್ರತಿಯನ್ನೂ ಹಂಚುವುದು. ಕನ್ನಡದ ಕಗಪ ಮರಾಠಿಗೆ ತಲುಪಿದ್ದು ಒಂದನೆಯ ಮತ್ತು ಮೂರನೆಯ ಸ್ವಾತಂತ್ರ್ಯದ ಬಲದಿಂದ.

ಈ ನಾಲ್ಕರಲ್ಲಿ ಬೆಲೆಯ ಮಾತೇ ಇಲ್ಲ. 1985ರಲ್ಲಿ ಸ್ಟಾಲ್ಮನ್ ಇಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವರಿಗೆ ಸೋರ್ಸ್ ಕೋಡೂ ಸಿಗುತ್ತಿತ್ತು, ಅದನ್ನು ಹಂಚುವ ಹಕ್ಕೂ ಇತ್ತು. ಹಣ ಕೊಟ್ಟು ಕೊಂಡರೂ ಅದು ಸ್ವತಂತ್ರ ತಂತ್ರಾಂಶವೇ. ಪುಕ್ಕಟೆ ಸಿಕ್ಕರೂ ಬೀಗವಿದ್ದರೆ ಅಲ್ಲ.

ಬೀಗದ ಬೆಲೆ ಕನ್ನಡಿಗರಿಗೆ ಗೊತ್ತಿರಬೇಕು. ಯುನಿಕೋಡ್ ಬಳಕೆಗೆ ಬರುವ ಮುನ್ನ ಒಬ್ಬೊಬ್ಬರ ಫಾಂಟಿಗೆ ಒಂದೊಂದು ಸಂಕೇತ ಪದ್ಧತಿ ಇತ್ತು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅಂಥ ಹಳೇ ಬರಹವನ್ನು ಯುನಿಕೋಡಿಗೆ ತರುವ ಪರಿವರ್ತಕವನ್ನು ತಂತ್ರಜ್ಞ ಅರವಿಂದ ವಿ.ಕೆ. ಸೋರ್ಸ್ ಕೋಡ್ ಸಮೇತ ಕೊಟ್ಟರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಅವರವೇ. ಸೋರ್ಸ್ ಕೋಡಿನಿಂದ ಏನು ಮಾಡೋಣ ಎಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಅಂಗಡಿಯವರಲ್ಲಿ ಒಂದು ವಿನಂತಿ: ಮರಾಠಿ ಕಗಪ ಹಾಕಿ ಒಂದು ಲಗ್ನಪತ್ರಿಕೆ ಕೂಡಿಸಿ ನೋಡಿ. ಸರ್ಕಾರಕ್ಕೊಂದು ಒತ್ತಾಯ: ತೆರಿಗೆ ಹಣದಲ್ಲಿ ತಯಾರಾಗುವ ಪ್ರತಿ ಕನ್ನಡ ತಂತ್ರಾಂಶದ ಸೋರ್ಸ್ ಕೋಡನ್ನು ಮುಕ್ತ ಲೈಸೆನ್ಸಿನಡಿ ಜನರ ಕೈಗೆ ಕೊಡಲೇಬೇಕು. ಪುಕ್ಕಟೆ ಹಂಚಿ ಕೈತೊಳೆದುಕೊಂಡರೆ ಸಾಲದು.